ಮಗ್ಗದ ಗುಂಡಿಯ ಮೇಲಿನ ಮಂಚ

ಕೊಯಮತ್ತೂರಿನ ಹಳೇ ಪೇಟೆಯಲ್ಲಿ ನೇಕಾರರ ಮನೆಯೊಂದನ್ನು ಪುಟ್ಟ ಹೋಟೆಲು ಮಾಡಿದ್ದಾರೆ. ಬೀದಿಯ ಸದ್ದು ಒಳಗೆ ಬರುವುದಿಲ್ಲ. ನಮ್ಮ ವಂಶದಲ್ಲಿ ಮೊದಲ ಬಿ.ಎ. ನಾನು. ಕೊಳ್ಳೇಗಾಲದಲ್ಲಿ ಮಗ್ಗ ನೇಯ್ದು ಓದಿಸಿದ ಅವ್ವ ಒಂದು ರಾತ್ರಿಯಾದರೂ ಮೆತ್ತನೆ ಹಾಸಿಗೆಯಲ್ಲಿ ಮಲಗಲಿ ಎಂದು ಇಲ್ಲಿಗೆ ಕರೆತಂದೆ. ಕೋಣೆಗೆ ಬಂದವಳೇ ಮಂಚದ ಕೆಳಗೆ ನೆಲಕ್ಕೆ ಮುಚ್ಚಿದ್ದ ಹಲಗೆ ನೋಡಿದಳು.

"ಇದು ಮಗ್ಗದ ಗುಂಡಿ ಕಣೋ. ಅನ್ನ ಕೊಟ್ಟ ಜಾಗದ ಮೇಲೆ ಮಲಗ್ತಾರಾ? ನಡಿ, ಊರಿಗೆ ಹೋಗಾನ."

ಹೋಟೆಲಿನ ಒಡತಿ ಬಾಗಿಲಲ್ಲೇ ಇದ್ದರು. ಅವರದೂ ತಲೆತಲಾಂತರದಿಂದ ಇಲ್ಲಿರುವ ಕನ್ನಡ ನೇಕಾರರ ಮನೆತನ; ಮಾತಿನಲ್ಲಿ ತಮಿಳು ಬೆರೆತಿತ್ತು.

"ನಮ್ ಮಾಮನಾರ, ಯಜಮಾನ್ರ ಅಪ್ಪನ ಮಗ್ಗ ಅಕ್ಕಾ ಅದು. ಕೋಪಿಸ್ಕೋಬೇಡಿ, ಕಟ್ಟಿಲು ಆಕಡೆ ತಳ್ಳಿಬಿಡೋಣ."

ಮೂವರೂ ಸೇರಿ ಮಂಚ ತಳ್ಳಿದೆವು. ಅವ್ವ ಹಲಗೆ ಎತ್ತಿ, ನೇಯುವಾಗ ಕೂರುವ ಹಾಗೆ ಗುಂಡಿಗೆ ಕಾಲು ಇಳಿಬಿಟ್ಟು ಅಂಚಿನಲ್ಲಿ ಕೂತಳು. ತುಳಿಯಲು ಮಗ್ಗದ ಮೆಟ್ಟು ಇಲ್ಲದಿದ್ದರೂ ಪಾದಗಳು ಆಡತೊಡಗಿದವು. ಒಡತಿ ಕಾಫಿ ತಂದು ತಾವೂ ಪಕ್ಕದಲ್ಲಿ ಕಾಲು ಇಳಿಬಿಟ್ಟರು. ಊರಿಗೆ ಹೋಗುವ ಮಾತು ನಿಂತಿತು. ಹಾಸಿಗೆಯ ಮೇಲೆ ಕೂತವನು ನಾನೊಬ್ಬನೇ.

"ಮಗ ಏನ್ ವೇಲೆ ಮಾಡ್ತಾರೆ?" ಒಡತಿ ಕೇಳಿದರು.

"ಆಪೀಸಲ್ಲಿ ಕುರ್ಚಿ ಮೇಲೆ ಕೂತ್ಕಂಡು ಬರೀತಾನೆ," ಎಂದಳು ಅವ್ವ. "ಪಾಪ, ಕಾಲಿಗೆ ಕೆಲ್ಸಾನೇ ಇಲ್ಲ."