ನೃಪೇನ್‌ದಾ ಹೇಳಿದ ಹೋಟೆಲು

ಕಲ್ಕತ್ತದ ಬಾಗ್‌ಬಜಾರಿನಲ್ಲಿ ಎರಡು ಕೈಗಾಡಿ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕಾದ ಗಲ್ಲಿಯೊಂದಿದೆ. ಆ ಗಲ್ಲಿಯವರು ನೃಪೇನ್ ಸಮಾದ್ದಾರರನ್ನು ಕೇಳದೆ ಹೊರಗೆ ಊಟಕ್ಕೆ ಹೋಗುವುದಿಲ್ಲ. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾರೆ, ಎಲ್ಲಿಗೆ ಕರೆದೊಯ್ಯಲಿ? ಮಗ ಪಾಸಾಗಿದ್ದಾನೆ, ಕಟ್ಲೆಟ್ ಎಲ್ಲಿ ಕೊಡಿಸಲಿ? ಜಗುಲಿಯ ಮೇಲೆ ಕೂತ ನೃಪೇನ್‌ದಾ, ಅಂದರೆ ಇಡೀ ಗಲ್ಲಿಯ ನೃಪೇನಣ್ಣ, ಮೊದಲು ಕಣ್ಣು ಮುಚ್ಚುತ್ತಾರೆ. ಮೈಮೇಲೆ ದೇವರು ಬಂದವರಂತೆ ಒಮ್ಮೆ ತಲೆಯಾಡಿಸುತ್ತಾರೆ. ಆಮೇಲೆ ಅಪ್ಪಣೆಯಾಗುತ್ತದೆ.

"ಮೀನಿನ ಕಟ್ಲೆಟ್ಟಿಗೆ ಕಾಲೇಜು ಬೀದಿ. ಮಂಗಳವಾರ ಮಾತ್ರ ಹೋಗ್ಬೇಡ, ಅವತ್ತು ಹಳೇ ಎಣ್ಣೆ. ಮಾಂಸಕ್ಕೆ ಮಹಾಮಾಯಾ ಕ್ಯಾಬಿನ್. ಎಡಗಡೆ ಮೂಲೆ ಮೇಜು ಹಿಡ್ಕೋ. ಫ್ಯಾನಿನ ಕೆಳಗೆ ಕೂತ್ರೆ ಗ್ರೇವಿ ಆರಿ ಕಲ್ಲಾಗುತ್ತೆ."

ಯಾವ ಮೇಜಿಗೆ ಗಾಳಿ ಬೀಸುತ್ತದೆ ಎಂಬುದನ್ನೂ ಬಲ್ಲವರ ಮಾತನ್ನು ಅನುಮಾನಿಸುವವರು ಯಾರು?

ನಿಜ ಸಂಗತಿ ಗೊತ್ತಿದ್ದದ್ದು ಅವರ ಹೆಂಡತಿ ಶೇಫಾಲಿಗೆ ಮಾತ್ರ. ನೃಪೇನ್‌ದಾ ಹೋಟೆಲಿನ ಹೊಸಿಲು ತುಳಿದು ಹನ್ನೊಂದು ವರ್ಷವಾಗಿತ್ತು. ನಗರಪಾಲಿಕೆಯ ನೀರು ಸರಬರಾಜು ವಿಭಾಗದಲ್ಲಿ ಗುಮಾಸ್ತರಾಗಿದ್ದ ಅವರಿಗೆ ನಿವೃತ್ತಿಯ ದಿನ ಸಹೋದ್ಯೋಗಿಗಳು ಔತಣ ಕೊಟ್ಟಿದ್ದರು. ಅದನ್ನುಂಡು ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಅಂದಿನಿಂದ ದಿನವೂ ಪರಂಗಿಕಾಯಿ, ಬಾಳೆಕಾಯಿ, ಮೀನು ಹಾಕಿದ ನೀರುನೀರಾದ ಸಾರು. ಸ್ವಲ್ಪ ಖಾರ ಬಿದ್ದರೂ ಎದೆಯುರಿ.

ಹಾಗಾದರೆ ಇಷ್ಟು ತಿಳಿವಳಿಕೆ ಎಲ್ಲಿಂದ ಬಂತು? ಅವರದೊಂದು ಕ್ರಮವಿತ್ತು. ಅವರು ಹೇಳಿದಲ್ಲಿ ಉಂಡು ಬಂದವರು ಮರುದಿನ ಜಗುಲಿಗೆ ಬಂದು ವರದಿ ಒಪ್ಪಿಸಬೇಕು. ಗ್ರೇವಿ ಕಪ್ಪಗಿತ್ತೋ ಕೆಂಪಗಿತ್ತೋ? ಮೂಳೆಯಿಂದ ಮಾಂಸ ತಾನೇ ಬಿಟ್ಟಿತೋ, ಎಳೆಯಬೇಕಾಯಿತೋ? ಪೊಲೀಸರು ಕೂಡ ಇಷ್ಟು ಕೇಳುವುದಿಲ್ಲ. ಹೀಗೆ ಸಂಗ್ರಹಿಸಿದ್ದು ಮಾರನೆಯ ದಿನ ಇನ್ನೊಬ್ಬರಿಗೆ ನೃಪೇನ್‌ದಾರ ಸ್ವಂತ ನಾಲಿಗೆಯ ಅನುಭವವಾಗಿ ದೊರೆಯುತ್ತಿತ್ತು.

ಇದರಲ್ಲಿ ಒಂದೇ ತೊಡಕು. ಉಂಡು ಬಂದವರು ಯಾರೂ ಚೆನ್ನಾಗಿರಲಿಲ್ಲ ಎನ್ನುತ್ತಿರಲಿಲ್ಲ. ಆ ಗಲ್ಲಿಯಲ್ಲಿ ಒಬ್ಬನ ನೌಕರಿ ಹೋದರೆ ಜನ ಮರುಗುತ್ತಾರೆ, ರುಚಿ ಗೊತ್ತಿಲ್ಲದ ನಾಲಿಗೆ ಎಂದು ತಿಳಿದರೆ ಮೂರು ತಲೆಮಾರು ನಗುತ್ತಾರೆ. ಆದ್ದರಿಂದ ಎಲ್ಲರೂ ಬಂದು "ಆಹಾ, ನೀವು ಹೇಳಿದ ಹಾಗೇ ಇತ್ತು ನೃಪೇನ್‌ದಾ" ಎನ್ನುತ್ತಿದ್ದರು. ಮಹಾಮಾಯಾ ಕ್ಯಾಬಿನ್ನಿನ ಹಳೆಯ ಅಡುಗೆಯವನು ತೀರಿಕೊಂಡು, ಹೋಟೆಲು ಇನ್ನೊಬ್ಬರ ಕೈಗೆ ಹೋಗಿ ಎಂಟು ವರ್ಷವಾಗಿತ್ತು. ಗಲ್ಲಿಯವರ ಹೊಟ್ಟೆಗೆ ಅದು ಗೊತ್ತಿತ್ತು, ಬಾಯಿ ಹೇಳಿರಲಿಲ್ಲ.

ಆ ವರ್ಷದ ಜ್ಯೇಷ್ಠ ಮಾಸದಲ್ಲಿ ಅಳಿಯಂದಿರ ಷಷ್ಠಿ ಬಂತು. ಅತ್ತೆ ಅಳಿಯನನ್ನು ಕೂರಿಸಿ, ಗಾಳಿ ಬೀಸಿ, ಏಳಲಾಗದಷ್ಟು ಉಣ್ಣಿಸಬೇಕಾದ ದಿನ. ಮಗಳು ಮೌಟುಸಿಯ ಮದುವೆಯಾದ ಮೇಲೆ ಇದೇ ಮೊದಲನೆಯ ಷಷ್ಠಿ. ಅಳಿಯ ದೀಪ್ತೇಶ್ ದುರ್ಗಾಪುರದ ಉಕ್ಕಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದ. ಕಬ್ಬಿಣವನ್ನೇ ಪರೀಕ್ಷಿಸದೆ ನಂಬದವನು. ಶೇಫಾಲಿಯ ಮೊಣಕಾಲು ಆ ವಾರವೇ ಊದಿಕೊಂಡಿತು.

"ರೀ, ಊರಿಗೆಲ್ಲಾ ಹೋಟೆಲ್ ತೋರಿಸ್ತೀರಲ್ಲ, ಈ ಸಲ ಅಳಿಯನಿಗೂ ಒಂದು ತೋರಿಸಿ" ಎಂದಳು.

ನೃಪೇನ್‌ದಾ ತಡಬಡಾಯಿಸಿದರು. "ಮೊದಲನೇ ಷಷ್ಠಿ ಕಣೆ. ಮನೇಲೇ ಆಗ್ಲಿ, ಅಡುಗೆಯವ್ರನ್ನ ಕರೆಸ್ತೀನಿ."

ಜಗುಲಿಯಲ್ಲಿ ಕೂತಿದ್ದ ಪಕ್ಕದ ಮನೆಯ ಪಲ್ಟು ಹಾಲ್ದಾರನಿಗೆ ಕಿವಿ ಚುರುಕು. "ಮನೇಲಾ? ನೀವೇ ಮಹಾಮಾಯಾಗೆ ಹೋಗದಿದ್ರೆ ಹೆಂಗೆ ನೃಪೇನ್‌ದಾ? ನಿಮ್ಮ ಮಾತು ಕೇಳಿ ನಾವು ಅರ್ಧ ಗಲ್ಲಿ ಅಲ್ಲಿಗೇ ಅಳಿಯಂದಿರನ್ನ ಕರ್ಕೊಂಡ್ ಹೋಗ್ತಿದೀವಿ!"

ಹೋಗದೆ ಗತಿಯಿರಲಿಲ್ಲ.

ಷಷ್ಠಿಯ ಮಧ್ಯಾಹ್ನ ಮಹಾಮಾಯಾ ಕ್ಯಾಬಿನ್ ತುಂಬ ಪರಿಚಿತರ ಮುಖಗಳೇ. ಅತ್ತೆಯಂದಿರು ಕೈಚೀಲದಿಂದ ತಾಳೆಗರಿಯ ಬೀಸಣಿಗೆ ತೆಗೆದು ಫ್ಯಾನಿನ ಕೆಳಗೇ ಗಾಳಿ ಬೀಸುತ್ತಿದ್ದರು. ನೃಪೇನ್‌ದಾ ಗತ್ತಿನಿಂದ ಎಡಗಡೆಯ ಮೂಲೆಗೆ ನಡೆದರು. ಅಲ್ಲಿ ಕೈತೊಳೆಯುವ ತೊಟ್ಟಿಯಿತ್ತು.

"ಯಾರ ಹೆಸರಲ್ಲಿ ಮೇಜು ಹೇಳಿದ್ರಿ ಬಾಬು?" ಎಂದು ಗಲ್ಲಾದಿಂದ ಮಾಲೀಕ ಕೇಳಿದ.

"ನೃಪೇನ್ ಸಮಾದ್ದಾರ್. ಬಾಗ್‌ಬಜಾರ್."

ಮಾಲೀಕ ಎದ್ದು ಓಡಿಬಂದು ಎರಡೂ ಕೈ ಹಿಡಿದುಕೊಂಡ. "ನೀವೇನಾ! ಎಂಟು ವರ್ಷದಿಂದ ಗಿರಾಕಿಗಳು ನಿಮ್ಮ ಹೆಸರು ಹೇಳ್ಕೊಂಡೇ ಬರ್ತಾರೆ. ಪುಣ್ಯಾತ್ಮನ ಮುಖ ಒಂದ್ಸಲ ನೋಡ್ಬೇಕು ಅಂತ ನಾನೂ ಕಾಯ್ತಾನೇ ಇದ್ದೆ. ಈ ಕಡೆ ಒಂದಿನಾನೂ ತಲೆ ಹಾಕ್ಲಿಲ್ವಲ್ಲ ಬಾಬು!"

ಅವನ ಗಂಟಲು ದೊಡ್ಡದು. ಬೀಸಣಿಗೆಗಳು ನಿಂತವು. ಗೋಡೆಯುದ್ದಕ್ಕೂ ಊಟಕ್ಕೆ ಕೂರಲು ಮರದ ಹಲಗೆಯಲ್ಲಿ ಮಾಡಿದ್ದ ಗೂಡುಗಳ ಪರದೆ ಸರಿದು ಒಂದೊಂದೇ ತಲೆ ಹೊರಬಂತು. ಪಲ್ಟುವಿನ ಬಾಯಲ್ಲಿ ತುತ್ತು ಹಾಗೇ ಉಳಿಯಿತು. ನೃಪೇನ್‌ದಾ ಸಿಕ್ಕ ಕುರ್ಚಿಯಲ್ಲಿ ಕುಸಿದರು.

ಮಾಂಸ ಬಂತು. ದೀಪ್ತೇಶ್ ಮೂಸಿದ, ಬೆರಳಿಗೆ ಹಚ್ಚಿ ನೆಕ್ಕಿದ, ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿದ. "ಬಾಬಾ, ತಪ್ಪು ತಿಳೀಬೇಡಿ. ಇದು ನಿನ್ನೇದು."

"ಷ್..." ಎಂದಳು ಮೌಟುಸಿ.

"ನಿನ್ನೇದಲ್ಲ, ಮೊನ್ನೇದು" ಎಂದಳು ಶೇಫಾಲಿ.

ಇಡೀ ಗಲ್ಲಿ ನೃಪೇನ್‌ದಾರ ಬಾಯನ್ನೇ ನೋಡುತ್ತಿತ್ತು. ಅವರೊಂದು ತುಂಡು ಬಾಯಿಗಿಟ್ಟರು. ಚಪ್ಪಲಿಯ ಅಟ್ಟೆಯನ್ನು ಮೆಣಸಿನಪುಡಿಯಲ್ಲಿ ಬೇಯಿಸಿದಂತಿತ್ತು. ಕೆಟ್ಟದಾಗಿದೆ ಎಂದರೆ ಹನ್ನೊಂದು ವರ್ಷದ ಗೌರವ ಈ ತಟ್ಟೆಯಲ್ಲೇ ಮುಗಿಯುತ್ತದೆ. ಅವರು ಕಣ್ಣು ಮುಚ್ಚಿ, ತಲೆಯಾಡಿಸಿ, ನುಂಗಿದರು.

"ದೊಡ್ಡ ಅಡುಗೆಯವನು ಇವತ್ತು ರಜಾ ಅಂತ ಕಾಣುತ್ತೆ" ಎಂದರು ಎಲ್ಲರಿಗೂ ಕೇಳುವಂತೆ. "ಆದ್ರೂ ಮನೆತನದ ಕೈ ಎಲ್ಲಿ ಹೋಗುತ್ತೆ? ಆಹಾ."

"ಅದೇ ಅಂದ್ಕೊಂಡೆ, ಇವತ್ತೊಂದಿನ ಹಂಗಾಗಿದೆ!" ಎಂದು ಪಲ್ಟು ತುತ್ತು ನುಂಗಿದ. ಗೂಡುಗೂಡಿನಿಂದ "ಆಹಾ" ಎದ್ದಿತು. ಬೀಸಣಿಗೆಗಳು ಮತ್ತೆ ಆಡಿದವು. ನೃಪೇನ್‌ದಾರನ್ನು ಹಿಡಿದು ಕೇಳಬೇಕಾದರೆ ಪ್ರತಿಯೊಬ್ಬರೂ ತಾವು ಇಷ್ಟು ವರ್ಷ ಏನು ತಿಂದು ಏನು ಹೇಳಿದ್ದೆವು ಎಂಬುದನ್ನೂ ಒಪ್ಪಿಕೊಳ್ಳಬೇಕಿತ್ತು. ಅದಕ್ಕಿಂತ ಮೊನ್ನೆಯ ಮಾಂಸ ತಿನ್ನುವುದೇ ಸುಲಭವಾಗಿತ್ತು. ಎಲ್ಲರ ಕಣ್ಣೆದುರು ನೃಪೇನ್‌ದಾ ತಮ್ಮ ತಟ್ಟೆಯನ್ನೂ ಅಳಿಯನ ತಟ್ಟೆಯನ್ನೂ ಖಾಲಿ ಮಾಡಿದರು.

ಮನೆಗೆ ಬಂದವರು ನೆಟ್ಟಗೆ ಹಾಸಿಗೆಗೆ ಬಿದ್ದರು. ಹಸಿದ ಅಳಿಯನಿಗಾಗಿ ಶೇಫಾಲಿ ಊದಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು, ಮೈದಾಹಿಟ್ಟು ನಾದಿ ಲುಚಿ ಕರಿದಳು. ಬೆಳ್ಳಗೆ ಉಬ್ಬಿದ ಪೂರಿ, ಜೊತೆಗೆ ಆಲೂದಮ್. ದೀಪ್ತೇಶ್ ಹದಿನಾಲ್ಕು ತಿಂದ.

"ಮಾ, ಇದಿರೋವಾಗ ಅಲ್ಲಿಗ್ಯಾಕೆ ಹೋದ್ವಿ?"

"ನಿಮ್ಮ ಮಾವನವರು ಊರಿಗೆ ದೊಡ್ಡವರಲ್ವೇನಪ್ಪಾ, ಅದಕ್ಕೆ" ಎಂದು ಅವಳು ಹದಿನೈದನೆಯದನ್ನು ಬಡಿಸಿದಳು.

ಒಳಕೋಣೆಯಲ್ಲಿ ನೃಪೇನ್‌ದಾ ಹೊಟ್ಟೆ ಹಿಡಿದು ಲುಚಿಯ ವಾಸನೆ ಕುಡಿಯುತ್ತಿದ್ದರು.

ಮೂರು ದಿನ ಸಬ್ಬಕ್ಕಿ ಗಂಜಿ ಕುಡಿದು, ನಾಲ್ಕನೆಯ ದಿನ ಸಂಜೆ ಜಗುಲಿಗೆ ಬಂದು ಕೂತರು. ಪಲ್ಟು ಮೊದಲೇ ಅಲ್ಲಿದ್ದ.

"ನೃಪೇನ್‌ದಾ, ಈ ಊರಲ್ಲಿ ಒಳ್ಳೇ ಲುಚಿ ಎಲ್ಲಿ ಸಿಗುತ್ತೆ?"

ಕಿಟಕಿಯೊಳಗೆ ತರಕಾರಿ ಹೆಚ್ಚುತ್ತಿದ್ದ ಶೇಫಾಲಿಯ ಕೈ ನಿಂತಿತು. ನೃಪೇನ್‌ದಾ ಕಣ್ಣು ಮುಚ್ಚಿದರು.

"ಶ್ಯಾಮ್‌ಬಜಾರ್. ನಿಮಾಯಿ ಅಂಗಡಿ. ಅದು ಬಿಟ್ರೆ ಕಲ್ಕತ್ತದಲ್ಲಿ ಲುಚಿಯೇ ಇಲ್ಲ."

"ಹೌದೇನ್ರೀ?" ಎಂದಿತು ಕಿಟಕಿ. "ಹಾಗಾದ್ರೆ ಅಲ್ಲೇ ಊಟ ಮುಗಿಸ್ಕೊಂಡ್ ಬನ್ನಿ. ಇವತ್ತು ಈ ಮನೇಲಿ ಒಲೆ ಹಚ್ಚಲ್ಲ."

ಪಲ್ಟು ನೋಡುತ್ತಿದ್ದ. ನೃಪೇನ್‌ದಾ ಕೊಡೆ ಹಿಡಿದು ಎದ್ದರು, ಶ್ಯಾಮ್‌ಬಜಾರಿನವರೆಗೆ ನಡೆದರು. ನಿಮಾಯಿಯ ಅಂಗಡಿಯಿದ್ದ ಜಾಗದಲ್ಲಿ ಕನ್ನಡಕದ ಅಂಗಡಿಯಿತ್ತು. ವಿಚಾರಿಸಿದರೆ, ಅದು ಬಂದು ಐದು ವರ್ಷವಾಯಿತಂತೆ. ಅವರು ಬರಿಹೊಟ್ಟೆಯಲ್ಲಿ ಹಿಂದಿರುಗಿದರು.

"ತಿಂದ್ರಾ?" ಎಂದ ಪಲ್ಟು.

"ಆಹಾ" ಎಂದರು ನೃಪೇನ್‌ದಾ.

ಮರುದಿನ ಸಂಜೆ ಪಲ್ಟು ಬೆವರೊರೆಸಿಕೊಳ್ಳುತ್ತ ಬಂದು ಜಗುಲಿಯ ಮೇಲೆ ಕೂತ. "ನಿಮಾಯಿ ಅಂಗಡಿಗೆ ಹೋಗಿದ್ದೆ ನೃಪೇನ್‌ದಾ. ಏನ್ ಲುಚಿ! ಬಾಯಿಗಿಟ್ರೆ ಕರಗ್‌ಹೋಗುತ್ತೆ. ನೀವು ಹೇಳಿದ ಹಾಗೇ."

ನೃಪೇನ್‌ದಾ ಅವನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಎಂದಿನಂತೆ ವಿಚಾರಣೆಗೆ ಕೂತರು.

"ಆಲೂದಮ್ಮಿಗೆ ಖಾರ ಹೇಗಿತ್ತು?"

"ಒಂಚೂರು ಜಾಸ್ತಿ."

"ಹ್ಞೂಂ" ಎಂದರು ನೃಪೇನ್‌ದಾ. "ಗುರುವಾರ ಅವರು ಹಂಗೇ ಮಾಡೋದು."