ಮೊಳೆಯ ಮೇಲಿನ ರಿಂಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶೆಡ್ಡಿನ ತಗಡಿನ ಬಾಗಿಲು ಸೊಂಟದ ಮಟ್ಟಕ್ಕಷ್ಟೇ ಮೇಲೆದ್ದಿದೆ. ಒಳಗೊಂದು ಹಳೆಯ ಬಾಡಿಗೆ ಕಾರು, ಅದರ ಕೆಳಗಿನ ಗುಂಡಿಯಲ್ಲಿ ಟಾರ್ಚು ಹಿಡಿದು ನಿಂತ ಹೆಂಗಸು. ಎಂಜಿನ್ ಓಡುತ್ತಿದೆ. ಆಕೆ ಒಂದೊಂದು ಜೋಡಣೆಯನ್ನೂ ಬೆರಳಿನಿಂದ ಸವರಿ, ಬೆರಳನ್ನು ಬಿಳಿ ಬಟ್ಟೆಗೆ ಒರೆಸಿ ನೋಡುತ್ತಾಳೆ. ಬಟ್ಟೆ ಬಿಳಿಯಾಗಿಯೇ ಉಳಿಯುತ್ತದೆ. ಆದರೂ ಮತ್ತೊಮ್ಮೆ ಸವರುತ್ತಾಳೆ.

ಮೇಲೆ ಕಾರಿನ ಯಜಮಾನ ಕಾಲು ಬದಲಿಸುತ್ತಾ ನಿಂತಿದ್ದಾನೆ. ಸ್ಟ್ಯಾಂಡಿನಲ್ಲಿ ಅವನನ್ನು ಎಲ್ಲರೂ ಕರೆಯುವುದು ಗಡಿಬಿಡಿ ಎಂದೇ. ಊಟಕ್ಕೆ ಕೂತರೂ ಒಂದು ಕಾಲು ಹೊರಗಿಟ್ಟಿರುವ ಆಸಾಮಿ. ಇವತ್ತು ಮಾತ್ರ ಅವನ ಅವಸರಕ್ಕೆ ಅರ್ಥವಿದೆ. ಪಕ್ಕದ ಸ್ಟೂಲಿನ ಮೇಲೆ ಅವನ ಅತ್ತೆ ಕೂತಿದ್ದಾರೆ. ಮೂತ್ರಪಿಂಡ ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಬೆಟ್ಟದಾಚೆಯ ಆಸ್ಪತ್ರೆಗೆ ಹೋಗಿ, ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ಏರಿನಲ್ಲಿ ಕಾರಿನ ಎಂಜಿನ್ ಎಣ್ಣೆ ಕುದಿಯುವಷ್ಟು ಬಿಸಿಯಾಗಿ, ಕೆಂಪು ದೀಪ ಕಣ್ಣು ಮಿಟುಕಿಸಲು ಶುರುವಾದ ಮೇಲೆಯೇ ಅಳಿಯ ಈ ಶೆಡ್ಡಿಗೆ ಬಂದಿದ್ದು.

ಆಕೆ ಮಾಡುವ ಕೆಲಸ ಅದೇ: ಕಂಪನಿ ಕೊಡದ ಆಯಿಲ್ ಕೂಲರನ್ನು ಎಂಜಿನ್ನಿಗೆ ಕೂರಿಸುವುದು. ರೇಡಿಯೇಟರಿನ ಮುಂದೆ ಒಂದು ಪುಟ್ಟ ಅಲ್ಯೂಮಿನಿಯಂ ಜಾಲರಿ, ಅದಕ್ಕೆ ಎರಡು ಪೈಪು. ಬಿಸಿ ಎಣ್ಣೆ ಒಂದರಲ್ಲಿ ಬಂದು, ಗಾಳಿಗೆ ಮೈಯೊಡ್ಡಿ, ತಣ್ಣಗಾಗಿ ಇನ್ನೊಂದರಲ್ಲಿ ವಾಪಸು ಹೋಗುತ್ತದೆ. ಅತ್ತೆ ನಿನ್ನೆಯೇ ಇದನ್ನೆಲ್ಲ ಕೇಳಿ ತಿಳಿದುಕೊಂಡು ನಕ್ಕಿದ್ದರು. "ನನಗೂ ಎರಡು ಪೈಪು, ಇದಕ್ಕೂ ಎರಡು ಪೈಪು. ಅಳಿಯನಿಗೆ ನಾವಿಬ್ಬರೂ ಒಂದೇ ಖರ್ಚು."

ಕಾರು ಹೊರಡುವಾಗ ಆಕೆ ಕಿಟಕಿಗೆ ಬಗ್ಗಿ, ಏರು ಅರ್ಧ ಮುಗಿದ ಕೂಡಲೇ ನಿಲ್ಲಿಸಿ ಕೆಳಗೆ ನೋಡಬೇಕೆಂದು ಹೇಳುತ್ತಾಳೆ. ಗಡಿಬಿಡಿ ತಲೆಯಾಡಿಸುತ್ತಾನೆ. ಅವನು ತಲೆಯಾಡಿಸಿದ ಎಷ್ಟೋ ಮಾತುಗಳು ಗಾಳಿಗೆ ಹೋಗಿವೆ ಎಂಬುದು ಆಕೆಗೂ ಗೊತ್ತು.

ಡ್ರೈವರುಗಳು ಆಕೆಯನ್ನು ಮೊಳೆ ಅಕ್ಕ ಎನ್ನುತ್ತಾರೆ. ಕಾರಣ ಗೋಡೆಯ ಮೇಲಿದೆ. ಕೂಲರ್ ಕೂರಿಸಬೇಕಾದರೆ ಮೊದಲು ಹಳೆಯ ಆಯಿಲ್ ಫಿಲ್ಟರ್ ಬಿಚ್ಚಬೇಕು. ಅದರ ಬಾಯಿಗೆ ಒಂದು ರಬ್ಬರ್ ರಿಂಗು ಇರುತ್ತದೆ. ಬಿಸಿಗೆ ಬೆಂದು ಬೆಂದು ಅದು ಕೆಲವೊಮ್ಮೆ ಫಿಲ್ಟರಿನ ಜೊತೆ ಬಾರದೆ ಎಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ. ಕಪ್ಪಿನ ಮೇಲೆ ಕಪ್ಪು, ಕಣ್ಣಿಗೆ ಬೀಳುವುದಿಲ್ಲ. ಅದರ ಮೇಲೆಯೇ, ಎಂಜಿನ್ನಿಗೂ ಫಿಲ್ಟರಿಗೂ ನಡುವೆ ಕೂರುವ ಕೂಲರಿನ ಪ್ಲೇಟನ್ನು ಹೊಸ ರಿಂಗಿನೊಂದಿಗೆ ಬಿಗಿದರೆ, ಶೆಡ್ಡಿನಲ್ಲಿ ಒಂದು ಹನಿಯೂ ಸೋರುವುದಿಲ್ಲ. ಏರಿನಲ್ಲಿ ಎಣ್ಣೆಯ ಒತ್ತಡ ಹೆಚ್ಚಾದಾಗ ಎರಡು ರಿಂಗುಗಳೂ ಜಾರಿ, ನೋಡನೋಡುತ್ತಿದ್ದಂತೆ ಎಣ್ಣೆಯೆಲ್ಲ ರಸ್ತೆಪಾಲಾಗುತ್ತದೆ. ಎಂಜಿನ್ ನಡುರಸ್ತೆಯಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಆದ್ದರಿಂದ ಹಳೆಯ ರಿಂಗು ಗೋಡೆಯ ಮೊಳೆಗೆ ಬೀಳುವ ತನಕ ಹೊಸ ಪ್ಲೇಟನ್ನು ಮುಟ್ಟುವುದಿಲ್ಲ ಎಂಬುದು ಆಕೆ ತಾನೇ ಹಾಕಿಕೊಂಡ ಕಟ್ಟಳೆ. ಗಾಡಿ ಹೋದ ಮೇಲೆ ರಿಂಗು ಮೊಳೆಯಿಂದ ಇಳಿದು ತಗಡಿನ ಡಬ್ಬಿ ಸೇರುತ್ತದೆ.

ಕಾರಿನ ಸದ್ದು ತಿರುವಿನಲ್ಲಿ ಮರೆಯಾಗುತ್ತಿದ್ದಂತೆ ಆಕೆ ರೂಢಿಯಂತೆ ಮೊಳೆಗೆ ಕೈ ಹಾಕುತ್ತಾಳೆ. ರಿಂಗು ಬೆರಳಿಗೆ ಬರುತ್ತದೆ. ಡಬ್ಬಿಗೆ ಹಾಕಬೇಕು, ಕೈ ಅಲ್ಲೇ ನಿಲ್ಲುತ್ತದೆ. ರಿಂಗು ಚಿಕ್ಕದು. ಈ ಕಾರಿನದ್ದಲ್ಲ.

ಒಳಗೆ ರೇಡಿಯೇಟರಿಗೆ ಬೆಸುಗೆ ಹಾಕುತ್ತಿರುವ ಗಂಡನನ್ನು ಕೂಗುತ್ತಾಳೆ. ಮೊನ್ನೆ ತಾನಿಲ್ಲದಾಗ ಹೋದ ಆ ಚಿಕ್ಕ ಗಾಡಿಯ ಕೀಲಿ ಕೊಟ್ಟವರು ಯಾರು? ತಾನೇ ಎನ್ನುತ್ತಾನೆ ಗಂಡ. ರಿಂಗು ಇಳಿಸಿದಿರಾ? ಅವನ ಕೈಯಲ್ಲಿದ್ದ ಬೆಸುಗೆ ಕಡ್ಡಿ ಕೆಳಗಿಳಿಯುತ್ತದೆ. ಇಳಿಸಿಲ್ಲ. ನಿನ್ನೆ ಸಂಜೆ ಕರೆಂಟು ಹೋಗಿ, ಗಡಿಬಿಡಿ ಪಕ್ಕದಲ್ಲೇ ನಿಂತು ಆಯಿತಾ ಆಯಿತಾ ಎನ್ನುತ್ತಿದ್ದಾಗ, ಆಕೆ ಮೊಳೆಯ ಕಡೆ ತಿರುಗಿ ನೋಡಿದ್ದಾಳೆ, ರಿಂಗು ಕಂಡಿದೆ, ಈ ಕಾರಿನದ್ದೇ ಎಂದು ಮನಸ್ಸು ನಿರಾಳವಾಗಿದೆ.

ಹಳೆಯ ಫಿಲ್ಟರ್ ಇನ್ನೂ ಎಣ್ಣೆ ಬಸಿಯುವ ತಟ್ಟೆಯಲ್ಲಿದೆ. ತಿರುಗಿಸಿ ನೋಡುತ್ತಾಳೆ. ಬಾಯಿ ಬೋಳು.

ಫೋನು ಮಾಡಿದರೆ ಗಂಟೆ ಹೊಡೆದು ಹೊಡೆದು ನಿಲ್ಲುತ್ತದೆ. ಗಡಿಬಿಡಿಗೆ ಇರುವ ಒಂದೇ ಒಳ್ಳೆಯ ಅಭ್ಯಾಸವೆಂದರೆ ಗಾಡಿ ಓಡಿಸುವಾಗ ಫೋನು ಎತ್ತದಿರುವುದು. ಆಕೆ ಸ್ಕೂಟರಿನ ಮುಂದೆ ಎಣ್ಣೆ ಕ್ಯಾನು, ತಟ್ಟೆ, ಪಾನಾಗಳ ಚೀಲ ಇಟ್ಟುಕೊಳ್ಳುತ್ತಾಳೆ. ಗಂಡ ಹಿಂದೆ ಕೂರುತ್ತಾನೆ. "ನಿಧಾನ ಕಣೇ, ನಾವೂ ಊರು ಸೇರಬೇಕು" ಎನ್ನುತ್ತಾನೆ. ಆಕೆಯ ಕಣ್ಣು ರಸ್ತೆಯ ಮೇಲಿನ ಪ್ರತಿಯೊಂದು ಕಪ್ಪು ಕಲೆಯನ್ನೂ ಹೆಕ್ಕುತ್ತಿದೆ. ಇದು ಹಳೇ ಟಾರು. ಇದು ನೀರು. ಇದು?

ಮದುವೆಯಾಗಿ ಬಂದಾಗ ಆಕೆಗೆ ಪಾನಾ ಯಾವುದು ಇಕ್ಕಳ ಯಾವುದು ತಿಳಿದಿರಲಿಲ್ಲ. ಬೆಸುಗೆಯ ಹೊಗೆಯಿಂದ ಗಂಡನ ಎದೆ ಕೆಟ್ಟು ಗುಂಡಿಗಿಳಿಯುವುದು ನಿಂತಾಗ, ಇಳಿದವಳು ಆಕೆ. ಮೊದಮೊದಲು ಡ್ರೈವರುಗಳು ಬಾಗಿಲಲ್ಲಿ ನಿಂತು, "ಯಜಮಾನ್ರು ಇಲ್ವಾ?" ಎಂದು ಕೇಳಿ ಹೋಗುತ್ತಿದ್ದರು. ಈಗ ಅವರೇ ಬಂದು, "ಅಕ್ಕ ಇಲ್ವಾ?" ಎಂದು ಕೇಳಿ, ಗಂಡನೊಬ್ಬನೇ ಇದ್ದರೆ ವಾಪಸು ಹೋಗುತ್ತಾರೆ. ಇದನ್ನು ಹೇಳಿ ನಗುವವನೂ ಗಂಡನೇ. ಗುಜರಿ ಗಾಡಿಗಳಿಂದ ಕೂಲರ್ ಬಿಚ್ಚಿ ತಂದು, ತೊಳೆದು, ಗಾಳಿ ಹಾಕಿ ನೀರಲ್ಲಿ ಮುಳುಗಿಸಿ ತೂತು ಹುಡುಕುವುದು ಇಬ್ಬರೂ ಸೇರಿ ಮಾಡುವ ಕೆಲಸ. ಮಾಡಿದ ಕೆಲಸ ಯಾರಿಗೂ ಕಾಣುವುದಿಲ್ಲ, ಎಲ್ಲವೂ ಬಂಪರಿನ ಹಿಂದೆ.

ಅರ್ಧ ಏರಿನ ತಿರುವಿನಲ್ಲಿ, ರಸ್ತೆಯ ಬದಿಗೆ, ಕಾರು ನಿಂತಿದೆ.

ಆಕೆ ಸ್ಕೂಟರಿನ ವೇಗ ಹೆಚ್ಚಿಸುತ್ತಾಳೆ. ಎಂಜಿನ್ ಕಚ್ಚಿಕೊಂಡಿತೋ ಏನೋ. ಹತ್ತಿರ ಹೋದರೆ ಗಡಿಬಿಡಿ ಬಾನೆಟ್ಟಿಗೆ ಒರಗಿ ಗೊಣಗುತ್ತಿದ್ದಾನೆ. ಅವನು ನಿಲ್ಲಿಸಲು ಹೊರಟಿರಲಿಲ್ಲವಂತೆ. ಹಿಂದಿನ ಸೀಟಿನಿಂದ ಅತ್ತೆ ಹಟ ಹಿಡಿದು ನಿಲ್ಲಿಸಿದ್ದಾರೆ. "ಅವಳು ಹೇಳಿದ್ದು ನಿನಗೆ, ಕೇಳಿಸಿಕೊಂಡಿದ್ದು ನಾನು" ಎಂದರಂತೆ.

ಆಕೆ ರಸ್ತೆಯ ಮೇಲೇ ಅಂಗಾತ ಮಲಗಿ ಟಾರ್ಚು ಬಿಡುತ್ತಾಳೆ. ಪ್ಲೇಟಿನ ಅಂಚಿನಲ್ಲಿ ಒಂದೇ ಒಂದು ಹನಿ ನೇತಾಡುತ್ತಿದೆ. ಬೀಳಲೋ ಬೇಡವೋ ಎನ್ನುವಂತೆ.

"ಒಂದು ಹನಿ ತಾನೇ ಅಕ್ಕ, ಮೇಲೆ ಹೋಗಿ ನೋಡೋಣ" ಎನ್ನುತ್ತಾನೆ ಗಡಿಬಿಡಿ. ತಡವಾದರೆ ಯಂತ್ರವನ್ನು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ, ಅತ್ತೆಗೆ ಈಗಾಗಲೇ ಕಾಲು ಊದಿದೆ. ಅವನ ಮಾತೂ ಸುಳ್ಳಲ್ಲ.

ಆಕೆ ಎದ್ದು ಕೂತು, ಕಿಟಕಿಯ ಕಡೆ ತಿರುಗುತ್ತಾಳೆ. "ಅಮ್ಮ, ತಪ್ಪು ನಂದು. ಹಳೇ ರಿಂಗು ಒಳಗೇ ಉಳಿದಿದೆ. ನೋಡದೇ ಬಿಗಿದುಬಿಟ್ಟೆ. ಈಗ ಬಿಚ್ಚಿದ್ರೆ ನಿಮಗೆ ತಡ ಆಗುತ್ತೆ, ಬಿಚ್ಚದಿದ್ರೆ ಆಸ್ಪತ್ರೆ ತನಕ ಹೋಗಿ ಸೇರ್ತೀರಿ ಅಂತ ನಾನು ಹೇಳೋಕಾಗಲ್ಲ."

ಅತ್ತೆ ಅಳಿಯನನ್ನೊಮ್ಮೆ, ಆಕೆಯನ್ನೊಮ್ಮೆ ನೋಡುತ್ತಾರೆ.

"ಆಸ್ಪತ್ರೆಗೆ ಫೋನು ಮಾಡು" ಎನ್ನುತ್ತಾರೆ ಅಳಿಯನಿಗೆ. ಆಕೆಗೆ ಹೇಳುವುದು ಒಂದೇ ಮಾತು: "ಬಿಚ್ಚಮ್ಮ."

ಅರ್ಧ ಗಂಟೆ ಕಾಯುತ್ತೇವೆ, ಅದಕ್ಕಿಂತ ಹೆಚ್ಚಿಲ್ಲ ಎನ್ನುತ್ತಾಳೆ ನರ್ಸು. ಆಕೆ ಮತ್ತೆ ಕಾರಿನಡಿಗೆ ಸರಿಯುತ್ತಾಳೆ. ಫಿಲ್ಟರ್ ಬಿಚ್ಚುವಾಗ ಬಿಸಿ ಎಣ್ಣೆ ಮಣಿಕಟ್ಟಿನ ಮೇಲಿಂದ ಮೊಣಕೈಗೆ ಇಳಿಯುತ್ತದೆ. ನಡುವಿನ ಬೋಲ್ಟು ತೆಗೆದು ಪ್ಲೇಟನ್ನು ಬದಿಗೆ ಸರಿಸಿ, ಉಗುರಿನಿಂದ ಕೆರೆಯುತ್ತಾಳೆ. ಗಟ್ಟಿಯಾದ ಹಳೆಯ ರಿಂಗು ಗಾಯದ ಹಕ್ಕಳೆಯಂತೆ ಎದ್ದು ಬರುತ್ತದೆ. ಅದನ್ನು ಗಂಡನ ಕೈಗಿಟ್ಟು, "ಬೆರಳಿಗೆ ಹಾಕ್ಕೊಳ್ಳಿ, ತೆಗೀಬೇಡಿ" ಎನ್ನುತ್ತಾಳೆ.

ಮತ್ತೆ ಬಿಗಿದು, ಎಣ್ಣೆ ತುಂಬಿದ್ದಾಯಿತು. ಇನ್ನು ಪಂಪಿನ ಫ್ಯೂಸ್ ಕಿತ್ತು, ಪೆಟ್ರೋಲ್ ಹೋಗದಂತೆ ಎಂಜಿನ್ನನ್ನು ಬರಿದೇ ತಿರುಗಿಸಬೇಕು. ಪೈಪುಗಳಲ್ಲಿ ಎಣ್ಣೆ ತುಂಬಿದರೆ ಕೆಂಪು ದೀಪ ಆರುತ್ತದೆ. ಗಡಿಬಿಡಿ ಕೀಲಿ ತಿರುಗಿಸುತ್ತಾನೆ. ದೀಪ ಉರಿಯುತ್ತಿದೆ. ಇನ್ನೊಮ್ಮೆ. ಉರಿಯುತ್ತಲೇ ಇದೆ. ಜೀವಮಾನದಲ್ಲಿ ಮೊದಲ ಬಾರಿಗೆ ಗಡಿಬಿಡಿ ಸುಮ್ಮನೆ ಕೂತಿದ್ದಾನೆ. ಮೂರನೆಯ ಸಲ ತಿರುಗಿಸಿದಾಗ ದೀಪ ಒಮ್ಮೆ ನಡುಗಿ ಆರಿಹೋಗುತ್ತದೆ.

ಫ್ಯೂಸು ಹಾಕಿ ಎಂಜಿನ್ ಓಡಿಸಿ, ಬಿಳಿ ಬಟ್ಟೆಗೆ ಮತ್ತೆ ಬೆರಳು ಒರೆಸಿ ನೋಡಿದ ಮೇಲೆಯೇ ಆಕೆ ದಾರಿ ಬಿಡುತ್ತಾಳೆ. ಸಮಯಕ್ಕೆ ಮುಟ್ಟುತ್ತಾರೋ ಇಲ್ಲವೋ, ಅದು ಇನ್ನು ಆಕೆಯ ಕೈಯಲ್ಲಿಲ್ಲ.

ಶೆಡ್ಡಿಗೆ ಮರಳಿದ ಮೇಲೆ ಗಂಡ ಬೆರಳಿನ ರಿಂಗನ್ನು ಬಿಚ್ಚಿ ಮೊಳೆಗೆ ಹಾಕುತ್ತಾನೆ. ಆಕೆ ಅದರ ಪಕ್ಕ ಎರಡನೆಯ ಮೊಳೆ ಹೊಡೆಯುತ್ತಾಳೆ. ಇನ್ನು ಮೇಲೆ ಗಾಡಿ ಬಂದ ಕೂಡಲೇ ಅದರ ಕೀಲಿ ಆ ಮೊಳೆಗೆ. ಕೀಲಿ ಹೋಗುವಾಗ ರಿಂಗೂ ಅದರ ಜೊತೆಗೇ, ಗಾಡಿಯವನ ಕೈಗೆ. ತನಗೂ ಒಂದು ಕಾವಲು ಬೇಕು ಎನ್ನುತ್ತಾಳೆ. ಸುಟ್ಟ ಮಣಿಕಟ್ಟಿಗೆ ತಣ್ಣೀರು ಬಿಟ್ಟುಕೊಳ್ಳುತ್ತಾ, ಯಾರೂ ಕೇಳದೆಯೇ ಮಾತಿಗಿಳಿಯುತ್ತಾಳೆ.

"ನನ್ನ ಕೆಲಸ ಯಾರಿಗೂ ನೆನಪಾಗಬಾರದು. ನೆನಪಾಯ್ತು ಅಂದ್ರೆ ಎಲ್ಲೋ ದಾರೀಲಿ ನಿಂತಿದ್ದಾರೆ ಅಂತ ಅರ್ಥ. ಮರೆತುಬಿಟ್ಟು ಆರಾಮಾಗಿ ಓಡಾಡಲಿ, ಅಷ್ಟೇ ಸಾಕು."

ಇಷ್ಟು ಹೇಳಿದರೂ ಕಣ್ಣು ಮಾತ್ರ ಫೋನಿನ ಮೇಲೇ ಇದೆ. ಮುಂದಿನ ಗಾಡಿ ಬಂದು ನಿಂತಿದೆ, ಆಕೆ ಪಾನಾ ಮುಟ್ಟಿಲ್ಲ. ಬಿಸಿಲು ಬಾಗಿಲು ದಾಟಿ ಗುಂಡಿಯ ಅಂಚಿಗೆ ಬಂದಾಗ ಫೋನು ಬಡಿದುಕೊಳ್ಳುತ್ತದೆ. ಅತ್ತೆ.

"ಮಲಗಿಸಿ ಪೈಪು ಹಾಕಿದ್ರು ಕಣಮ್ಮ. ನರ್ಸಮ್ಮಂಗೆ ನಿನ್ನ ವಿಷಯ ಹೇಳಿ, ಇನ್ನೊಂದ್ಸಲ ನೋಡಿಬಿಡು ಅಂದೆ. ನೋಡಿದ್ಲು."

ಆಕೆ ಫೋನು ಕೆಳಗಿಟ್ಟು, ಮೊಳೆಯಿಂದ ರಿಂಗನ್ನು ತೆಗೆಯುತ್ತಾಳೆ. ಬೆರಳಲ್ಲಿ ಅಳತೆ ನೋಡಿ, ಡಬ್ಬಿಗೆ ಹಾಕಿ, ಗುಂಡಿಗಿಳಿಯುತ್ತಾಳೆ.