ಸೆರಗು ಅಡ್ಡ ಹಿಡಿದು ಕರೆದದ್ದು

ಹಿರೇಹಡಗಲಿ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ, ಮಿರ್ಚಿ ಮಾರುವ ಉಚ್ಚಂಗೆಮ್ಮ ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬಿದವಳು. ಎಣ್ಣೆ ಹದಕ್ಕೆ ಬಂತೋ ಇಲ್ಲವೋ ಸದ್ದಿನಲ್ಲೇ ಹೇಳುತ್ತಿದ್ದಳು. ಬಂದದ್ದು ಹಡಗಲಿ ಬಸ್ಸೋ ಹರಪನಹಳ್ಳಿ ಬಸ್ಸೋ ಎಂದು ಅವಳು ತಿರುಗಿ ನೋಡಬೇಕಾಗಿರಲಿಲ್ಲ. ಅಂಥವಳ ಮೊಮ್ಮಗಳು ಶಾಂಭವಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ.

ಮಗುವಿಗೆ ಮೂರು ವರ್ಷವಾದಾಗ ಆಪರೇಷನ್ ಮಾಡಿ, ಸದ್ದು ಕೇಳಿಸುವ ಕಾಕ್ಲಿಯರ್ ಇಂಪ್ಲಾಂಟ್ ಕೂರಿಸಿದರು. ಕಿವಿಯ ಮೇಲೊಂದು ಮಿಷನ್ನು, ಅದರಿಂದ ಹೊರಟ ಸಣ್ಣ ವೈರು, ವೈರಿನ ತುದಿಯಲ್ಲಿ ತಲೆಗೆ ಅಂಟಿಕೊಳ್ಳುವ ಬಿಲ್ಲೆ. ಮಾತು ಕಲಿಸುವ ಟೀಚರು ಅಜ್ಜಿಗೂ ಒಂದು ಕೆಲಸ ಕಲಿಸಿದರು. ದಿನಾ ಬೆಳಿಗ್ಗೆ ಬಾಯಿಗೆ ಸೆರಗು ಅಡ್ಡ ಹಿಡಿದು ಆ, ಈ, ಊ, ಮ್, ಸ್, ಶ್ ಅನ್ನಬೇಕು. ತುಟಿ ಕಾಣದಿದ್ದರೂ ಮಗು ಅದನ್ನೇ ತಿರುಗಿ ಅಂದರೆ ಮಿಷನ್ನು ಸರಿಯಿದೆ. ಐದು ವರ್ಷ ಉಚ್ಚಂಗೆಮ್ಮ ಒಂದು ದಿನವೂ ತಪ್ಪಿಸಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಶಾಂಭವಿ ಒಂದು ಸದ್ದನ್ನೂ ತಿರುಗಿ ಅನ್ನಲಿಲ್ಲ. ವೈರು ಬಿಲ್ಲೆಯ ಹತ್ತಿರ ಕಡಿದಿತ್ತು.

ಮಿಷನ್ ಕಂಪನಿಯ ಸೋಮಶೇಖರ್ ತಿಂಗಳಿಗೊಮ್ಮೆ ಹಡಗಲಿಗೆ ಬರುತ್ತಿದ್ದ. ಪ್ರತಿ ತಿಂಗಳೂ ಉಚ್ಚಂಗೆಮ್ಮ ಬಾಣಲೆ ಇಳಿಸಿ, ಮಗುವನ್ನು ಕರೆದುಕೊಂಡು ಹೋಗಿ ಹೊಸ ವೈರು ಕೇಳಿದಳು. ಪ್ರತಿ ತಿಂಗಳೂ ಅವನು ‘ಮುಂದಿನ ತಿಂಗಳು’ ಅಂದ. ಕೊನೆಗೊಮ್ಮೆ ಹತ್ತು ಜನರ ಎದುರು ನಕ್ಕ.

“ತುಟಿ ನೋಡಿ ಎಲ್ಲಾ ತಿಳ್ಕೊಂತಾಳಲ್ಲಮ್ಮ. ಹಳ್ಳಿ ಹುಡುಗಿಗೆ ಅಷ್ಟು ಸಾಕು ಬಿಡ್ರಿ!”

ಆ ಮಾತನ್ನು ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಒಂಬತ್ತನೇ ತಿಂಗಳಲ್ಲಿ ಅವನೇ ಅಂಗಡಿ ಹುಡುಕಿಕೊಂಡು ಬಂದ.

“ಹೊಸಪೇಟಿಯಾಗ ಡಾಕ್ಟರ ಕಾನ್ಫರೆನ್ಸ್ ಐತಮ್ಮ. ಖರ್ಚೆಲ್ಲ ನಮ್ಮ ಕಂಪನಿದು. ಶಾಂಭವಿ ಸ್ಟೇಜ್ ಮ್ಯಾಲೆ ನಾಕು ಮಾತಾಡಿದ್ರ ನಮ್ಮ ದೊಡ್ಡ ಸಾಹೇಬ್ರು ಮುಂದಿನ ವರ್ಷನೂ ಬಡ ಮಕ್ಕಳ ಮಿಷನ್ ರಿಪೇರಿಗೆ ದುಡ್ಡು ಕೊಡ್ತಾರ.”

“ವೈರು?”

“ಈ ವರ್ಷದ ದುಡ್ಡು ಕಾನ್ಫರೆನ್ಸಿಗೇ ಹೋಗೈತಿ. ಎದುರಿಗೆ ನಿಂತು ಹೆಸರು, ಊರು ಕೇಳ್ತಾರ, ತುಟಿ ನೋಡಿ ಹೇಳ್ತಾಳ. ವೈರ್ ಕಾಣದಂಗ ಮಲ್ಲಿಗಿ ಮುಡಿಸ್ಕೊಂಡು ಬರ್ರಿ.”

ಉಚ್ಚಂಗೆಮ್ಮ ಅವನ ಕೈಗೆ ಬಿಸಿ ಮಿರ್ಚಿ ಕೊಟ್ಟಳು. “ಆಗ್ಲಿ ಸಾಹೇಬ್ರ, ಬರ್ತೀವಿ.”

ಹೋಟೆಲಿನ ದೊಡ್ಡ ಹಾಲ್ ತುಂಬ ಕಿವಿ ಡಾಕ್ಟರು. ಸ್ಟೇಜಿನ ಮೇಲೆ ಅಜ್ಜಿಯ ಜೊತೆ ನಿಂತ ಶಾಂಭವಿಯನ್ನು, ಕಾರ್ಯಕ್ರಮ ನಡೆಸುತ್ತಿದ್ದ ಡಾಕ್ಟರ್ ಸುಜಾತಾ ಬಗ್ಗಿ ಕೇಳಿದರು. ಶಾಂಭವಿ ಹೆಸರು ಹೇಳಿದಳು, ಊರು ಹೇಳಿದಳು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ದೊಡ್ಡ ಸಾಹೇಬರ ಪಕ್ಕ ಕೂತ ಸೋಮಶೇಖರ್ ಮದುವಣಿಗನ ಹಾಗೆ ಬೀಗಿದ.

“ನಾನೊಂದು ಕೇಳ್ಲೇನ್ರೀ ಡಾಕ್ಟ್ರಮ್ಮ?”

“ಕೇಳಿ ಅಜ್ಜಿ.”

ಉಚ್ಚಂಗೆಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. “ಶಾಂಭವೀ!”

ಮಗು ಸೆರಗನ್ನೇ ನೋಡಿತು. ಅಜ್ಜಿ ಆ ಅಂದಳು, ಈ ಅಂದಳು, ಆರೂ ಸದ್ದು ಮುಗಿಸಿದಳು. ಏನೋ ತಪ್ಪು ಮಾಡಿದೆನೆಂದು ಮಗುವಿನ ಕಣ್ಣು ತುಂಬಿ ಬಂತು. ನಿನ್ನನ್ನೇ ಮುಂದಿಟ್ಟೆನಲ್ಲೇ ಕೂಸೇ ಎಂದು ಅಜ್ಜಿ ಒಳಗೇ ಅಂದುಕೊಂಡಳು. ಆದರೂ ಸೆರಗು ಇಳಿಸಲಿಲ್ಲ. ಆ ಆರು ಸದ್ದಿನ ಅರ್ಥ ಹಾಲಿನಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಡಾಕ್ಟರ್ ಸುಜಾತಾ ಮಲ್ಲಿಗೆ ಸರಿಸಿ ವೈರು ಮುಟ್ಟಿ ನೋಡಿದರು. “ಎಷ್ಟು ದಿನ ಆಯ್ತು?”

“ಒಂಬತ್ತು ತಿಂಗಳ್ರಿ. ಹಳ್ಳಿ ಹುಡುಗಿಗೆ ತುಟಿ ನೋಡಿದ್ರ ಸಾಕಂತ, ಅಲ್ಲಿ ಕುಂತ ಸಾಹೇಬ್ರು ಅಂದ್ರು. ಹೂವು ಮುಡಿಸೂ ಉಪಾಯನೂ ಅವರದ.”

ದೊಡ್ಡ ಸಾಹೇಬರು ಸೋಮಶೇಖರನ ಕಡೆ ತಿರುಗಿದರು. ಡಾಕ್ಟರ್ ಸುಜಾತಾ ಮೈಕಿನಲ್ಲೇ ಹೇಳಿದರು: “ಹೊರಗೆ ನಿಮ್ಮ ಕಂಪನಿ ಟೇಬಲ್ಲಿನ ಮೇಲೆ ಹೊಸ ವೈರು ಇಟ್ಟಿದ್ದೀರಲ್ಲ, ತನ್ನಿ.”

ಸೋಮಶೇಖರ್ ಎದ್ದು ಹೋಗಿ ತಂದ. ಡಾಕ್ಟರ್ ಕೈ ಚಾಚಿದರೆ ಉಚ್ಚಂಗೆಮ್ಮ ತಡೆದಳು. “ಅವರೇ ಹಾಕ್ಲಿ.” ಅವನು ಹಾಕಿ ಮುಗಿಸಿದ ಮೇಲೂ ಅವಳು ಬಿಡಲಿಲ್ಲ. “ಕರ್ಚೀಫು ಐತೇನು? ಬಾಯಿಗೆ ಅಡ್ಡ ಹಿಡೀರಿ. ಹ್ಞಾಂ, ಈಗ ಅನ್ರಿ.”

ಅಷ್ಟೂ ಜನರ ಎದುರು ಕೋಟು ತೊಟ್ಟ ಸೋಮಶೇಖರ್ ಬಾಲವಾಡಿ ಮಗುವಿನ ಹಾಗೆ ಆ, ಈ, ಊ ಅಂದ. ಶಾಂಭವಿ ಕಿಲಕಿಲನೆ ನಕ್ಕು ಒಂದೊಂದನ್ನೂ ತಿರುಗಿ ಅಂದಳು.

ಬಾಗಿಲ ಹತ್ತಿರ ಅವನು ಅಡ್ಡ ಬಂದ. “ನನ್ನ ನೌಕರಿಗೆ ಕುತ್ತು ತಂದ್ರಲ್ಲಮ್ಮ. ಒಂದು ಮಾತು ಮೊದಲೇ ಹೇಳಬಾರದಿತ್ತೇನು?”

“ಒಂಬತ್ತು ತಿಂಗಳು ಮತ್ತೇನು ಹೇಳಿದ್ನಲೇ?” ಅಂದಳು ಉಚ್ಚಂಗೆಮ್ಮ. ಸಾಹೇಬ್ರ ಅನ್ನುವುದನ್ನು ಅಲ್ಲಿಗೆ ಬಿಟ್ಟಿದ್ದಳು. “ಹೊಸಹಳ್ಳಿಯಾಗೊಂದು, ಹಂಪಸಾಗರದಾಗೊಂದು ಕೂಸು ಹಿಂಗ ಹೊಸ ವೈರು ಬರ್ಲಿ ಅಂತ ಕಾಯಾಕತ್ಯಾವ. ಮುಂದಿನ ವರ್ಷನೂ ಕರಿ. ಇಬ್ಬರನ್ನೂ ಕರ್ಕೊಂಡು ಬರ್ತೀನಿ, ಮಲ್ಲಿಗಿ ಮುಡಿಸ್ಕೊಂಡು.”